ಪದ ಪರಿಚಯ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದು ಕಂದಾಯ ಗ್ರಾಮದ ಮಟ್ಟದಲ್ಲಿ, ಪಂಚಾಯಿತಿಯ ಚುನಾಯಿತ ಸದಸ್ಯರೊಬ್ಬರ ಅಧ್ಯಕ್ಷತೆಯಲ್ಲಿ ರಚನೆಯಾಗುವ ಸಮಿತಿ. ಊರಿನ ಜನರಿಗೆ ಸಲ್ಲಬೇಕಾದ ಆರೋಗ್ಯ ಸೇವೆ, ಕುಡಿಯುವ ನೀರು, ಚರಂಡಿ, ಶೌಚಾಲಯ, ಅಂಗನವಾಡಿಯ ಆಹಾರ ಇವೆಲ್ಲ ಸಲ್ಲುತ್ತಿವೆಯೇ, ಸಲ್ಲದಿದ್ದರೆ ಯಾವ ಮನೆಗಳಿಗೆ ತಪ್ಪುತ್ತಿವೆ, ಏಕೆ ತಪ್ಪುತ್ತಿವೆ ಎಂದು ತಿಂಗಳಿಗೊಮ್ಮೆ ಸೇರಿ ವಿಚಾರಿಸುವುದು ಅದರ ಕೆಲಸ. ಇಲಾಖೆಯ ಕಡತಗಳಲ್ಲಿ ವಿಎಚ್‌ಎಸ್‌ಎನ್‌ಸಿ ಎಂದು ಕಾಣಿಸಿಕೊಳ್ಳುವ ಇದನ್ನು ಹಳ್ಳಿಗಳಲ್ಲಿ ಆರೋಗ್ಯ ಸಮಿತಿ ಎಂದಷ್ಟೇ ಹೇಳುವುದುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರುವ ಆರೋಗ್ಯ ರಕ್ಷಾ ಸಮಿತಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದು ಆಸ್ಪತ್ರೆಯ ಸೌಕರ್ಯಗಳನ್ನು ನೋಡಿಕೊಳ್ಳುತ್ತದೆ, ಇದು ಆಸ್ಪತ್ರೆಗೆ ಹೋಗುವವರನ್ನೂ ಹೋಗಲಾರದವರನ್ನೂ ನೋಡಿಕೊಳ್ಳಬೇಕು.

ಸ್ಥಳೀಯ ಸರ್ಕಾರಕ್ಕೆ ಇಂಥ ಹೊಣೆ ಬಂದದ್ದಕ್ಕೆ ಸಂವಿಧಾನದ ಆಧಾರವಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿಯು 11ನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿತು. ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಆರೋಗ್ಯ ಮತ್ತು ನೈರ್ಮಲ್ಯ, ಕುಟುಂಬ ಕಲ್ಯಾಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಅಂಗವಿಕಲರ ಕಲ್ಯಾಣವೂ ಸೇರಿದ ಸಮಾಜ ಕಲ್ಯಾಣ, ಪರಿಶಿಷ್ಟರ ಮತ್ತು ದುರ್ಬಲ ವರ್ಗಗಳ ಕಲ್ಯಾಣ, ಪಡಿತರ ವ್ಯವಸ್ಥೆ ಇವು ಅದರಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಆದರೆ ಈ ವಿಷಯಗಳನ್ನು ಪಂಚಾಯಿತಿಗಳಿಗೆ ಎಷ್ಟರ ಮಟ್ಟಿಗೆ ವಹಿಸಬೇಕೆಂಬುದನ್ನು ಸಂವಿಧಾನವು ಆಯಾ ರಾಜ್ಯದ ಶಾಸಕಾಂಗಕ್ಕೆ ಬಿಟ್ಟಿತು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ ಮತ್ತು ಸೌಕರ್ಯಗಳ ಸಮಿತಿ ಎಂಬ ಮೂರು ಸ್ಥಾಯಿ ಸಮಿತಿಗಳಿರಬೇಕು. ಇವುಗಳಲ್ಲಿ ಸಾರ್ವಜನಿಕ ಆರೋಗ್ಯವು ಅಧ್ಯಕ್ಷರು ನಡೆಸುವ ಸೌಕರ್ಯಗಳ ಸಮಿತಿಗೂ, ಪರಿಶಿಷ್ಟರು, ಮಹಿಳೆಯರು ಮತ್ತು ದುರ್ಬಲರ ಕಲ್ಯಾಣವು ಉಪಾಧ್ಯಕ್ಷರು ನಡೆಸುವ ಸಾಮಾಜಿಕ ನ್ಯಾಯ ಸಮಿತಿಗೂ ಸೇರುತ್ತವೆ. ಇದಾಗಿ ಹನ್ನೆರಡು ವರ್ಷಗಳ ನಂತರ, 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಹಳ್ಳಿಯ ಮಟ್ಟದ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳು ಹುಟ್ಟಿಕೊಂಡವು. ಪೌಷ್ಟಿಕತೆಯ ಹೊಣೆ 2011ರಲ್ಲಿ ಸೇರ್ಪಡೆಯಾಗಿ ಈಗಿನ ಉದ್ದನೆಯ ಹೆಸರು ಬಂತು.

ಸಮಿತಿಯಲ್ಲಿ ಕನಿಷ್ಠ 15 ಸದಸ್ಯರಿರಬೇಕು ಮತ್ತು ಅವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು ಎಂದು ಅಭಿಯಾನದ ಮಾರ್ಗಸೂಚಿ ಹೇಳುತ್ತದೆ. ಪಂಚಾಯಿತಿ ಸದಸ್ಯರು, ಅದರಲ್ಲೂ ಸಾಧ್ಯವಾದರೆ ಮಹಿಳೆಯರು ಅಥವಾ ಪರಿಶಿಷ್ಟ ಸಮುದಾಯದವರು ಅಧ್ಯಕ್ಷರಾಗಬೇಕು. ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಉಪಕೇಂದ್ರದ ಆರೋಗ್ಯ ಸಹಾಯಕಿ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು ಮತ್ತು ಸೇವೆಯನ್ನು ಬಳಸುವ ತಾಯಂದಿರು, ದೀರ್ಘಕಾಲದ ರೋಗಿಗಳು ಉಳಿದ ಸದಸ್ಯರು. ಸೇವೆ ಕೊಡುವವರು, ಪಡೆಯುವವರು ಮತ್ತು ಓಟು ಪಡೆದು ಬಂದವರು ಒಂದೇ ಚಾಪೆಯ ಮೇಲೆ ಕೂರುವ ವ್ಯವಸ್ಥೆ ಆಡಳಿತದ ಬೇರೆ ಯಾವ ಮೆಟ್ಟಿಲಲ್ಲೂ ಇಷ್ಟು ಸ್ಪಷ್ಟವಾಗಿಲ್ಲ ಎಂಬುದೇ ಈ ಸಮಿತಿಯ ವಿಶೇಷ.

ಇದರ ಖರ್ಚಿಗೆ ಹಳ್ಳಿಯೊಂದಕ್ಕೆ ವರ್ಷಕ್ಕೆ ₹10,000ದವರೆಗೆ ಮುಕ್ತ ನಿಧಿ ಬರುತ್ತದೆ. ಅನ್‌ಟೈಡ್ ಫಂಡ್ ಎಂದೇ ಎಲ್ಲರೂ ಹೇಳುವ ಈ ಹಣ ಜಂಟಿ ಸಹಿಯ ಬ್ಯಾಂಕ್ ಖಾತೆಯಲ್ಲಿರುತ್ತದೆ. ಖರ್ಚನ್ನು ಸಮಿತಿಯ ಸಭೆ ತೀರ್ಮಾನಿಸಬೇಕು, ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಡಬೇಕು. ಇಡೀ ಊರಿಗೆ ಉಪಯೋಗವಾಗುವ ಕೆಲಸಕ್ಕೇ ಬಳಸಬೇಕೆಂಬುದು ಸಾಮಾನ್ಯ ನಿಯಮ, ಆದರೆ ದಿಕ್ಕಿಲ್ಲದ ಮಹಿಳೆಯ ಅಥವಾ ತೀರಾ ಬಡ ಕುಟುಂಬದ ಚಿಕಿತ್ಸೆಗೆ ವಿನಾಯಿತಿಯಿದೆ. ಅಂಗನವಾಡಿಯಲ್ಲಿ ಗರ್ಭಿಣಿಯರ ತಪಾಸಣೆಗೆ ಒಂದು ಮಂಚ, ಅದಕ್ಕೊಂದು ಪರದೆ, ಬ್ಲೀಚಿಂಗ್ ಪುಡಿ, ತುರ್ತಿನಲ್ಲಿ ಬಾಡಿಗೆಗೆ ಹಿಡಿದ ಆಟೊ, ಇಂಥವುಗಳಿಗೆ ಈ ಹಣ ಸಾಕಾಗುತ್ತದೆ, ಇದಕ್ಕಿಂತ ದೊಡ್ಡದಕ್ಕೆ ಸಾಲುವುದಿಲ್ಲ. ಸಮಿತಿಯ ಮಾತು ಬಂದಾಗಲೆಲ್ಲ ಈ ಹತ್ತು ಸಾವಿರದ ಚರ್ಚೆಯೇ ನಡೆಯುವುದು ಬೇಸರದ ಸಂಗತಿ, ಏಕೆಂದರೆ ಸಮಿತಿಯ ನಿಜವಾದ ಬಲ ಚೆಕ್ ಪುಸ್ತಕದಲ್ಲಿಲ್ಲ, ಸಭೆಯ ಚರ್ಚೆ ಮತ್ತು ತೀರ್ಮಾನಗಳನ್ನು ಬರೆದಿಡುವ ನಡವಳಿ ಪುಸ್ತಕದಲ್ಲಿದೆ.

ಅದು ಹೇಗೆಂಬುದನ್ನು ಒಂದು ಮಗುವಿನ ವಿಷಯದಲ್ಲಿ ನೋಡಬಹುದು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ನಡೆಯುತ್ತದೆ. ಲಸಿಕೆ, ಗರ್ಭಿಣಿಯರ ತಪಾಸಣೆ, ತಾಯಿ ಕಾರ್ಡಿನಲ್ಲಿ ದಾಖಲೆ ಇವುಗಳ ಜೊತೆಗೆ ಮಕ್ಕಳ ತೂಕ ನೋಡುತ್ತಾರೆ ಮತ್ತು ಆರು ತಿಂಗಳು ದಾಟಿದ, ಐದು ವರ್ಷ ತುಂಬದ ಮಗುವಿನ ಎಡ ತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿಯೊಂದನ್ನು ಸುತ್ತುತ್ತಾರೆ. ತೋಳಿನ ಸುತ್ತಳತೆ 12.5 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು, ಅದಕ್ಕಿಂತ ಕಡಿಮೆಯಾದರೆ ಹಳದಿ, 11.5 ಸೆಂ.ಮೀ.ಗಿಂತಲೂ ಕೆಳಗಿಳಿದರೆ ಕೆಂಪು. ಕೆಂಪು ಬಂದರೆ ಅದು ತೀವ್ರ ಅಪೌಷ್ಟಿಕತೆ. ಜ್ವರ, ಬಾವು ಅಥವಾ ಊಟ ಸೇರದಿರುವಂಥ ತೊಡಕುಗಳೂ ಇದ್ದರೆ ಮಗುವನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಸಾಮಾನ್ಯವಾಗಿ 14 ದಿನ ತಾಯಿಯೂ ಮಗುವಿನ ಜೊತೆ ಅಲ್ಲಿರಬೇಕಾಗುತ್ತದೆ.

ಇಷ್ಟರವರೆಗಿನದು ಇಲಾಖೆಯ ಕೆಲಸ, ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಅದನ್ನು ಮಾಡಿ ಮುಗಿಸಿರುತ್ತಾರೆ. ಚೀಟಿ ಬರೆದ ಮೇಲೂ ಮಗು ಆಸ್ಪತ್ರೆ ಸೇರದಿದ್ದರೆ, ಅದರ ಕಾರಣ ತೂಕದ ಪುಸ್ತಕದಲ್ಲಿ ಇರುವುದಿಲ್ಲ. ತಾಯಿ ಕೂಲಿಗೆ ಹೋಗುವವಳು, ಮನೆಯಲ್ಲಿ ಇನ್ನೊಂದು ಚಿಕ್ಕ ಮಗುವಿದೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ, ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಹದಿನಾಲ್ಕು ದಿನ ಮನೆ ಬಿಡು ಎಂದು ಅವಳಿಗೆ ಹೇಳುವುದು ಸುಲಭ, ಬಿಡುವಂತೆ ಮಾಡುವುದು ಇಲಾಖೆಯ ಕೈಯಲ್ಲಿಲ್ಲ. ಕೇಂದ್ರದಲ್ಲಿರುವಷ್ಟು ದಿನ ತಾಯಿಗೆ ಕೂಲಿ ನಷ್ಟದ ಪರಿಹಾರ ಸಿಗುತ್ತದೆಂದು ತಿಳಿಸುವುದು, ಇನ್ನೊಂದು ಮಗುವನ್ನು ಹಗಲಲ್ಲಿ ನೋಡಿಕೊಳ್ಳುವವರನ್ನು ಗೊತ್ತು ಮಾಡುವುದು, ಮುಕ್ತ ನಿಧಿಯಿಂದ ವಾಹನದ ಬಾಡಿಗೆ ಕೊಡುವುದು, ಅತ್ತೆಯ ವೃದ್ಧಾಪ್ಯ ವೇತನ ಏಕೆ ನಿಂತಿದೆ ಎಂದು ನಾಡಕಚೇರಿಯಲ್ಲಿ ವಿಚಾರಿಸುವುದು, ಇವು ಊರನ್ನು ಬಲ್ಲವರು ಮಾತ್ರ ಮಾಡಬಹುದಾದ ಕೆಲಸಗಳು. ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಇಲಾಖೆ, ಕಂದಾಯ ಇಲಾಖೆ ಬೇರೆ ಬೇರೆ ಕಟ್ಟಡಗಳಲ್ಲಿದ್ದರೂ ಆ ಮನೆಯ ಕಷ್ಟ ಒಂದೇ. ಮೂರನ್ನೂ ಒಟ್ಟಿಗೆ ನೋಡುವ ಅವಕಾಶ ಪಂಚಾಯಿತಿಗಿದೆ. ಕರ್ನಾಟಕದಲ್ಲಿ 2023ರಲ್ಲಿ ಘೋಷಣೆಯಾದ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ಗಳನ್ನು ಗ್ರಾಮ ಪಂಚಾಯಿತಿಗಳ ಮೂಲಕವೇ ನಡೆಸುತ್ತಿರುವುದು ಈ ಕಾರಣಕ್ಕಾಗಿ ಸರಿಯಾದ ಕ್ರಮವೆನಿಸುತ್ತದೆ.

ನೀರಿನ ವಿಷಯದಲ್ಲಿ ಪಂಚಾಯಿತಿಯ ಹೊಣೆ ಇನ್ನೂ ನೇರವಾದದ್ದು, ಏಕೆಂದರೆ ಊರಿಗೆ ನೀರು ಬಿಡುವ ನೀರುಗಂಟಿ ಪಂಚಾಯಿತಿಯ ಸಿಬ್ಬಂದಿ, ಓವರ್‌ಹೆಡ್ ಟ್ಯಾಂಕ್ ತೊಳೆಸಬೇಕಾದದ್ದೂ ಪಂಚಾಯಿತಿಯೇ. ಟ್ಯಾಂಕಿಗೆ ಕ್ಲೋರಿನ್ ಹಾಕಿದೆವೆಂಬ ದಾಖಲೆಗಿಂತ ಊರಿನ ಕೊನೆಯ ಮನೆಯ ನಲ್ಲಿಯಲ್ಲಿ ಅದು ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಉಳಿದಿದೆಯೇ ಎಂಬುದು ಮುಖ್ಯ. ಚರಂಡಿಯೊಳಗೆ ಹಾದುಹೋದ ಪೈಪು ಒಡೆದಿದ್ದರೆ ಗೊತ್ತಾಗುವುದು ಅಲ್ಲಿಯೇ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ವಾಂತಿ-ಭೇದಿ ಹರಡಿ ಜನ ಪ್ರಾಣ ಕಳೆದುಕೊಂಡದ್ದನ್ನು ನೆನೆದರೆ, ಈ ಸಣ್ಣ ಪರೀಕ್ಷೆಯನ್ನು ಸಮಿತಿಯೇ ನಿಂತು ಮಾಡಿಸುವುದು ಎಷ್ಟು ಅಗತ್ಯವೆಂಬುದು ತಿಳಿಯುತ್ತದೆ.

ಹಾಗಾದರೆ ಮೇಲ್ವಿಚಾರಣೆಯ ಮಿತಿ ಎಲ್ಲಿದೆ? ಗ್ರಾಮ ಪಂಚಾಯಿತಿಯು ವೈದ್ಯರನ್ನು ನೇಮಿಸುವುದಿಲ್ಲ, ವರ್ಗಾಯಿಸುವುದಿಲ್ಲ, ಅವರಿಗೆ ಸಂಬಳ ಕೊಡುವುದಿಲ್ಲ, ಔಷಧ ಖರೀದಿಯೂ ಅದರ ಕೈಯಲ್ಲಿಲ್ಲ. ಅದಕ್ಕಿರುವುದು ವಿಚಾರಿಸುವ, ದಾಖಲಿಸುವ ಮತ್ತು ಉತ್ತರ ಬರುವವರೆಗೆ ಬಿಡದಿರುವ ಅಧಿಕಾರ. ಈ ಅಧಿಕಾರ ದುರ್ಬಲವೆಂದು ಹಲವರು ಹೇಳುತ್ತಾರೆ. ಅದು ದುರ್ಬಲವಾಗುವುದು ನಡವಳಿ ಬರೆಯುವ ರೀತಿಯಿಂದ ಎಂದು ನನ್ನ ನಂಬಿಕೆ. ‘ಆರೋಗ್ಯ ಮತ್ತು ಸ್ವಚ್ಛತೆಯ ಕುರಿತು ಚರ್ಚಿಸಲಾಯಿತು’ ಎಂದು ಬರೆದು ಸಹಿ ಹಾಕಿದ ಪುಟದಿಂದ ಯಾರಿಗೂ ಏನೂ ಆಗುವುದಿಲ್ಲ. ‘ಉಪಕೇಂದ್ರದ ಆರೋಗ್ಯ ಸಹಾಯಕಿಯ ಹುದ್ದೆ ಮೂರು ತಿಂಗಳಿಂದ ಖಾಲಿಯಿದ್ದು, ಪರಿಶಿಷ್ಟರ ಕಾಲೊನಿಯ ಮಕ್ಕಳಿಗೆ ಎರಡು ಸಲ ಲಸಿಕೆ ತಪ್ಪಿದೆ, ಮುಂದಿನ ಕೆಡಿಪಿ ಸಭೆಯೊಳಗೆ ಬದಲಿ ವ್ಯವಸ್ಥೆ ಮಾಡುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆಯಲು ಪಂಚಾಯಿತಿಯನ್ನು ಕೋರಲಾಯಿತು’ ಎಂದು ಬರೆದರೆ ಅದು ಉತ್ತರ ಬೇಡುವ ಕಾಗದವಾಗುತ್ತದೆ. ಕೆಡಿಪಿ ಎಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ. ಗ್ರಾಮ ಪಂಚಾಯಿತಿ ಮಟ್ಟದ ತ್ರೈಮಾಸಿಕ ಕೆಡಿಪಿ ಸಭೆಗೆ ಆರೋಗ್ಯ, ಶಿಕ್ಷಣ, ಅಂಗನವಾಡಿ ಮುಂತಾದ ಇಲಾಖೆಗಳವರು ಬಂದು ವರದಿ ಕೊಡಬೇಕು. ಆ ಕಾಗದವನ್ನು ಅಲ್ಲಿ ಮುಂದಿಟ್ಟರೆ, ಉತ್ತರವೂ ದಾಖಲೆಗೆ ಸೇರುತ್ತದೆ.

ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ, ಅದನ್ನು ಮಾರ್ಗಸೂಚಿಗಳು ಪೂರ್ತಿಯಾಗಿ ಬಿಡಿಸಿಲ್ಲ. ನಡವಳಿ ಬರೆಯಬೇಕಾದವರು ಆಶಾ. ಅವರಿಗೆ ಬರುವ ಪ್ರೋತ್ಸಾಹಧನದ ಲೆಕ್ಕವನ್ನು ಪರಿಶೀಲಿಸುವವರು ಆರೋಗ್ಯ ಸಹಾಯಕಿ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ತನ್ನ ಕ್ಲೇಮ್ ಪರಿಶೀಲಿಸುವವರ ಲೋಪವನ್ನು ತನ್ನ ಕೈಯಿಂದಲೇ ಬರೆಯಬೇಕಾದ ಹೆಣ್ಣುಮಗಳು ಹಿಂಜರಿದರೆ ಅದು ಅವಳ ತಪ್ಪಲ್ಲ. ದೂರಿನ ಭಾರವನ್ನು ಅಧ್ಯಕ್ಷರು, ಅಂದರೆ ಚುನಾಯಿತ ಸದಸ್ಯರು, ತಮ್ಮ ಹೆಸರಿನಲ್ಲಿ ಹೊರಬೇಕು. ಸಮಿತಿಗೆ ಜನಪ್ರತಿನಿಧಿಯೇ ಅಧ್ಯಕ್ಷರಾಗಬೇಕೆಂಬ ನಿಯಮದ ಸತ್ವ ಇರುವುದು ಇಲ್ಲಿ. ಸದಸ್ಯೆಯ ಬದಲಿಗೆ ಅವರ ಪತಿ ಸಭೆಗೆ ಬಂದು ಕೂರುವ ಊರುಗಳಲ್ಲಿ ಮೊದಲು ಕಳೆದುಹೋಗುವುದೂ ಇದೇ, ಏಕೆಂದರೆ ಹೆರಿಗೆಯ ಬಗ್ಗೆ, ಮುಟ್ಟಿನ ಬಗ್ಗೆ, ಮನೆಯೊಳಗಿನ ಹೊಡೆತದ ಬಗ್ಗೆ ಹೆಂಗಸರು ಅಂಥ ಸಭೆಯಲ್ಲಿ ಬಾಯಿ ಬಿಡುವುದಿಲ್ಲ.

ಇದೇ ಸಮಿತಿ ಬೇರೊಂದು ರಾಜ್ಯದಲ್ಲಿ ಹೇಗಿದೆ ಎಂಬುದನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಕಾಸರಗೋಡಿನ ಕನ್ನಡಿಗರು ಕೇರಳದ ವ್ಯವಸ್ಥೆಯಲ್ಲಿದ್ದಾರೆ. 1996ರ ಜನಯೋಜನೆಯ ಕಾಲದಲ್ಲಿ ಆ ರಾಜ್ಯವು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೇ ವಹಿಸಿ, ಯೋಜನಾ ವೆಚ್ಚದ ದೊಡ್ಡ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಅಲ್ಲಿ ಸಮಿತಿ ರಚನೆಯಾಗುವುದು ವಾರ್ಡ್ ಮಟ್ಟದಲ್ಲಿ, ವಾರ್ಡ್ ಸದಸ್ಯರೇ ಅಧ್ಯಕ್ಷರು. 2008ರಲ್ಲಿ ಕೇರಳ ಉಪಶಾಮಕ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ, ನೀತಿಯನ್ನು ರೂಪಿಸಿದ ಮೇಲೆ, ಹಾಸಿಗೆ ಹಿಡಿದವರ ಮನೆಗೆ ದಾದಿಯನ್ನು ಕಳುಹಿಸುವುದು ಪಂಚಾಯಿತಿಯ ವಾರ್ಷಿಕ ಯೋಜನೆಯ ಭಾಗವೇ ಆಗಿದೆ. ಎಂಡೋಸಲ್ಫಾನ್ ಕೀಟನಾಶಕದಿಂದ ನಲುಗಿದ ಎಣ್ಮಕಜೆಯಂಥ ಕಡೆ ಇಂಥ ಮನೆಭೇಟಿಯ ಬೆಲೆ ಎಷ್ಟೆಂಬುದನ್ನು ಅಲ್ಲಿನ ತಾಯಂದಿರೇ ಬಲ್ಲರು. ಕರ್ನಾಟಕದ ಪಂಚಾಯಿತಿಗಳಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಜಾಲವಿದೆ. ಅಂಗವಿಕಲರ ಗುರುತಿನ ಚೀಟಿ, ಸಾಧನ ಸಲಕರಣೆ, ಪಿಂಚಣಿಗಳ ಹೊಣೆ ಹೊತ್ತ ಇವರನ್ನು ಆರೋಗ್ಯ ಸಮಿತಿಯ ಸಭೆಗೆ ತಪ್ಪದೆ ಕರೆಯಬೇಕು. ಕರೆಯದಿದ್ದರೆ ಮನೆಯಿಂದ ಹೊರಗೆ ಬರಲಾಗದವರ ಪರವಾಗಿ ಮಾತಾಡಲು ಆ ಚಾಪೆಯ ಮೇಲೆ ಯಾರೂ ಇರುವುದಿಲ್ಲ.

ಪಟ್ಟಣಗಳ ಕೊಳೆಗೇರಿಗಳಲ್ಲಿ ಇದಕ್ಕೆ ಸಮನಾದುದು ಮಹಿಳಾ ಆರೋಗ್ಯ ಸಮಿತಿ. 2013ರಲ್ಲಿ ನಗರ ಆರೋಗ್ಯ ಅಭಿಯಾನದೊಂದಿಗೆ ಬಂದ ಅದರ ವ್ಯಾಪ್ತಿ ಸುಮಾರು 50ರಿಂದ 100 ಮನೆಗಳು. ಆದರೆ ಚುನಾಯಿತ ಸದಸ್ಯರೊಂದಿಗೆ ಅದರ ನಂಟು ಹಳ್ಳಿಯಷ್ಟು ಬಿಗಿಯಾಗಿಲ್ಲ.

ಹಳ್ಳಿಯ ಸಮಿತಿ ಬರೆದ ದೂರು ಪಂಚಾಯಿತಿಯ ಮಟ್ಟದಲ್ಲಿ ಬಗೆಹರಿಯದಿದ್ದರೆ ಮೇಲೆ ಹೋಗಬೇಕು. ಜಿಲ್ಲೆಯ ಆರೋಗ್ಯಾಧಿಕಾರಿಯನ್ನು ಪ್ರಶ್ನಿಸುವ ಅಧಿಕಾರ ಕಾಯ್ದೆಯ ಪ್ರಕಾರ ಜಿಲ್ಲಾ ಪಂಚಾಯಿತಿಯ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿಗಿದೆ. ಆ ಸಮಿತಿ ಚುನಾಯಿತ ಸದಸ್ಯರಿಂದ ಆಗಬೇಕಾದದ್ದು. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದೆ ಹೋಗಿ, ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿಗಳು ಕುಳಿತರು. ಉಪಕೇಂದ್ರದ ಖಾಲಿ ಹುದ್ದೆಯ ಬಗ್ಗೆ ಆಶಾ ಬರೆದ, ಪಂಚಾಯಿತಿ ಸದಸ್ಯೆ ಸಹಿ ಮಾಡಿದ ಕಾಗದವು ಈ ಅವಧಿಯಲ್ಲಿ ಜಿಲ್ಲೆ ತಲುಪಿದಾಗ, ಅದನ್ನು ಓದಿದವರೂ ಅದಕ್ಕೆ ಉತ್ತರ ಕೊಡಬೇಕಾದವರೂ ಇಬ್ಬರೂ ಅಧಿಕಾರಿಗಳೇ ಆಗಿದ್ದರು.