ಸಂಘದ ವೆಬ್‌ಸೈಟಿಗೆ ವರ್ಡ್‌ಪ್ರೆಸ್ಸೋ, ಜಾಂಗೋನೋ, ರಿಯಾಕ್ಟೋ?

ಪ್ರಶ್ನೆ: ನಮ್ಮದು ಮಂಡ್ಯದ ಬೆಲ್ಲ ತಯಾರಕರ ಸಂಘ. ಸಭೆಯ ನೋಟಿಸ್, ಎಪಿಎಂಸಿ ದರ, ವಾರ್ಷಿಕ ವರದಿ ಹಾಕಲು ವೆಬ್‌ಸೈಟ್ ಬೇಕು. ಮೂವರನ್ನು ಕೇಳಿದೆವು, ಮೂರು ಹೆಸರು ಹೇಳಿದರು. ಯಾವುದು ಸರಿ?

ಉತ್ತರ: ಸೈಟ್ ಯಾರು ಮಾಡಿಕೊಡುತ್ತಾರೆ ಅನ್ನುವುದಕ್ಕಿಂತ, ಆಮೇಲೆ ಅದರಲ್ಲಿ ದಿನಾ ಕೂತು ಟೈಪ್ ಮಾಡುವವರು ಯಾರು ಅಂತ ನೋಡಿ. ಆಫೀಸಿನ ಗುಮಾಸ್ತರೇ ಅಚ್ಚು ಬೆಲ್ಲ, ಬಕೆಟ್ ಬೆಲ್ಲದ ದರ ಬದಲಿಸುವುದಾದರೆ, ಕೋಡ್ ಬರೆಯದೆಯೇ ಪುಟ ತಿದ್ದಬಹುದಾದ ವರ್ಡ್‌ಪ್ರೆಸ್ ಧಾರಾಳ ಸಾಕು. ರಿಯಾಕ್ಟ್ ಗೊಡವೆ ಬೇಡ. ಅದು ಪರದೆಯ ಮೇಲೆ ಕಾಣುವ ಭಾಗಕ್ಕಷ್ಟೇ. ಮಾಹಿತಿ ಇಡಲು, ಲಾಗಿನ್‌ಗೆ ಬೇರೆ ವ್ಯವಸ್ಥೆ ಹೇಗೂ ಬೇಕು.

ಸದಸ್ಯರು ಲಾಗಿನ್ ಆಗಿ ಷೇರು, ಕೊಟ್ಟ ಬೆಲ್ಲದ ತೂಕ, ಬರಬೇಕಾದ ಬಾಕಿ ನೋಡಬೇಕೆಂದರೆ ಮಾತು ಬೇರೆ. ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ತಂತ್ರಾಂಶ) ಮೇಲೆ ಪ್ಲಗಿನ್ ಪೇರಿಸಿದರೆ ಒಂದನ್ನು ಅಪ್‌ಡೇಟ್ ಮಾಡಿದಾಗ ಇನ್ನೊಂದು ಕೈಕೊಡುತ್ತದೆ. ಆಗ ಜಾಂಗೋ ಒಳ್ಳೆಯದು. ಅದು ಪ್ರೋಗ್ರಾಮರ್ ಪೈಥಾನ್ ಭಾಷೆಯಲ್ಲಿ ಸೈಟ್ ಕಟ್ಟುವ ಚೌಕಟ್ಟು; ಮಾಹಿತಿ ತುಂಬುವ, ತಿದ್ದುವ ಅಡ್ಮಿನ್ ಪುಟ ಅದರ ಜೊತೆಗೇ ಬರುತ್ತದೆ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯನ್ನೇ ಕೇಳಿ: 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಆಮೇಲೆ ಮುಂದಿನ ಆವೃತ್ತಿಗೆ ಬದಲಿಸಿಕೊಡುವವರು ಮೈಸೂರು, ಮಂಡ್ಯದ ಕಡೆ ಇದ್ದಾರೆಯೇ ಎಂದು ಈಗಲೇ ವಿಚಾರಿಸಿ.

ಹಣ ಕೊಡುವ ಮುಂಚೆ ಕನ್ನಡ ಶೀರ್ಷಿಕೆಯ ಒಂದು ಪುಟ ಮಾಡಿಸಿ ನೋಡಿ. ಎಡವಟ್ಟಾಗುವುದು ಪುಟದ ವಿಳಾಸದಲ್ಲಿ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ, ಅದಕ್ಕೆ 200 ಕ್ಯಾರೆಕ್ಟರ್ ಮಿತಿ. ಕನ್ನಡದ ಒಂದೊಂದು ಅಕ್ಷರವೂ, ಪ್ರತ್ಯೇಕವಾಗಿ ಎಣಿಕೆಯಾಗುವ ಗುಣಿತದ ಗುರುತೂ, ಅರ್ಧಾಕ್ಷರದ ಗುರುತೂ ಅಲ್ಲಿ 9 ಕ್ಯಾರೆಕ್ಟರ್ ತಿನ್ನುತ್ತವೆ. ಹೀಗಾಗಿ 'ವಾರ್ಷಿಕ ಸರ್ವಸದಸ್ಯರ ಸಭೆಯ ನೋಟಿಸ್' ಎಂದು ಬರೆದರೆ ವಿಳಾಸದಲ್ಲಿ 'ನೋಟಿಸ್' ಇರುವುದೇ ಇಲ್ಲ. ಜಾಂಗೋದಲ್ಲಿ ಶೀರ್ಷಿಕೆಯಿಂದ ವಿಳಾಸ ಮಾಡುವ ಸ್ಲಗಿಫೈ ಇನ್ನೂ ಕಷ್ಟ. ಸುಮ್ಮನೆ ಬಿಟ್ಟರೆ ಕನ್ನಡವನ್ನು ಪೂರ್ತಿ ಅಳಿಸುತ್ತದೆ; ಯೂನಿಕೋಡ್ (ಕನ್ನಡವೂ ಸೇರಿದ ಎಲ್ಲ ಲಿಪಿಗಳ ಅಕ್ಷರ ಸಂಕೇತ) ಇರಲಿ ಎಂದು ಹೇಳಿದರೂ ಗುಣಿತ, ಅನುಸ್ವಾರ, ಒತ್ತು ಕಿತ್ತುಹಾಕಿ 'ಮಂಡ್ಯ'ವನ್ನು 'ಮಡಯ' ಮಾಡುತ್ತದೆ! ಎರಡರಲ್ಲೂ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೈಯಾರೆ ಕೊಡುವುದೇ ವಾಸಿ.

ಹಳೆಯ ನೋಟಿಸ್‌ಗಳು ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಗೂಗಲ್‌ನಲ್ಲೂ ಸಿಗುವುದಿಲ್ಲ.

ಡೊಮೇನ್ (ಸೈಟಿನ ಹೆಸರು), ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಎರಡೂ ಸಂಘದ ಹೆಸರಿನಲ್ಲೇ, ಸಂಘದ ಇಮೇಲ್‌ನಲ್ಲೇ ನೋಂದಣಿಯಾಗಬೇಕು ಎಂದು ವರ್ಕ್ ಆರ್ಡರ್‌ನಲ್ಲಿ ಬರೆಸಿ. ಕೊನೆಯ ಕಂತು ಕೊಡುವುದು ಅಡ್ಮಿನ್ ಪಾಸ್‌ವರ್ಡ್ ಕೈಸೇರಿ, ಬ್ಯಾಕಪ್‌ನಿಂದ ಸೈಟನ್ನು ಮತ್ತೆ ಎಬ್ಬಿಸಿ ತೋರಿಸಿದ ಮೇಲೆ.