ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು? ಆ್ಯಪ್ ಲೆಕ್ಕ ಮತ್ತು ನಿಮ್ಮ ಲೆಕ್ಕ

ಪ್ರಶ್ನೆ: ನಾನು 34 ವರ್ಷದ ಮಹಿಳೆ, ತೂಕ 62 ಕೆ.ಜಿ. ದಿನವಿಡೀ ಕೂತು ಮಾಡುವ ಕೆಲಸ. ವಾರದಲ್ಲಿ ಮೂರ್ನಾಲ್ಕು ದಿನ ಸಂಜೆ ಓಡುತ್ತೇನೆ. ಒಂದು ಆ್ಯಪ್ ನನಗೆ 2 ಲೀಟರ್ ನೀರು ಸಾಕು ಅನ್ನುತ್ತದೆ, ಇನ್ನೊಂದು ಮೂರೂವರೆ ಲೀಟರ್ ಬೇಕೇ ಬೇಕು ಅನ್ನುತ್ತದೆ. ಎಂಟು ಲೋಟ ಅನ್ನುವವರೂ ಇದ್ದಾರೆ. ಮೂರೂವರೆ ಲೀಟರ್ ಕುಡಿಯಲು ಹೋಗಿ ಈಗ ರಾತ್ರಿ ಎರಡು ಸಲ ಏಳಬೇಕಾಗಿದೆ. ನನಗೆ ನಿಜವಾಗಿ ಎಷ್ಟು ಬೇಕು? ಅದನ್ನು ಲೆಕ್ಕ ಹಾಕೋದು ಹೇಗೆ?

ಉತ್ತರ: ಮೊದಲು ನೇರ ಉತ್ತರ. ಓಡದ ದಿನ, ಸೆಕೆಯೂ ಇಲ್ಲದಾಗ, ನಿಮ್ಮಂಥ ಆರೋಗ್ಯವಂತರಿಗೆ ನೀರು, ಕಾಫಿ, ಟೀ, ಹಾಲು ಎಲ್ಲ ಸೇರಿ ಸುಮಾರು ಒಂದೂವರೆಯಿಂದ ಎರಡು ಲೀಟರ್ ಸಾಕು. ಓಡಿದ ದಿನ ಬೆವರಿದಷ್ಟು ಜಾಸ್ತಿ. ಮೂರೂವರೆ ಲೀಟರ್ ಮುಗಿಸಲೇಬೇಕು ಅಂತ ಹಟ ಹಿಡಿಯುವ ಅಗತ್ಯ ಖಂಡಿತ ಇಲ್ಲ. ಬೇಡದ ನೀರನ್ನು ಕಿಡ್ನಿ ಹೊರಗೆ ಕಳಿಸಲೇಬೇಕು. ಅದಕ್ಕೇ ನಿಮ್ಮ ನಿದ್ದೆ ಕೆಡುತ್ತಿದೆ.

ಹಾಗಾದರೆ ಒಂದೊಂದು ಆ್ಯಪ್ ಒಂದೊಂದು ಮಾತು ಹೇಳೋದು ಯಾಕೆ? ಸಂಖ್ಯೆಗಳು ಪೂರ್ತಿ ಸುಳ್ಳೇನಲ್ಲ. ಆದರೆ ಅವು ಏನನ್ನು ಅಳೆಯುತ್ತಿವೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಎಂಟು ಲೋಟದ ಮಾತನ್ನೇ ತಗೊಳ್ಳಿ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂದು ಬರೆಯಿತು. ತಿನ್ನುವ ಪ್ರತಿ ಕ್ಯಾಲರಿಗೆ ಒಂದು ಮಿಲಿಲೀಟರ್ ಅನ್ನುವುದು ಆ ಲೆಕ್ಕ. ಅದರಲ್ಲಿ ಬಹುಪಾಲು ಆಹಾರದಲ್ಲೇ ಇರುತ್ತದೆ ಅಂತಲೂ ಅಲ್ಲೇ ಹೇಳಿತ್ತು. ಎಂಟು ಲೋಟದ ಮಾತು ಹುಟ್ಟಿದ್ದು ಇಲ್ಲಿಂದಲೇ ಎಂದು ಹಲವರು ಊಹಿಸುತ್ತಾರೆ. ಮೊದಲ ವಾಕ್ಯ ಜನರ ಬಾಯಿಗೆ ಬಂತು, ಎರಡನೆಯದು ಪುಸ್ತಕದಲ್ಲೇ ಉಳಿಯಿತು. 2002ರಲ್ಲಿ ಹೈನ್ಸ್ ವಾಲ್ಟಿನ್ ಎಂಬ ಕಿಡ್ನಿ ತಜ್ಞರು ಎಂಟು ಲೋಟದ ನಿಯಮಕ್ಕೆ ಆಧಾರ ಹುಡುಕುತ್ತಾ ಹೋದರು. ಆರೋಗ್ಯವಂತ ವಯಸ್ಕರು ಅಷ್ಟು ಕುಡಿಯಲೇಬೇಕು ಎನ್ನುವುದಕ್ಕೆ ವೈಜ್ಞಾನಿಕ ಪುರಾವೆ ಅವರಿಗೆ ಸಿಗಲಿಲ್ಲ.

ಈಗ ದೊಡ್ಡ ಸಂಖ್ಯೆಗೆ ಬರೋಣ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಗಂಡಸರಿಗೆ 3.7 ಲೀಟರ್, ಹೆಂಗಸರಿಗೆ 2.7 ಲೀಟರ್ ಎಂದಿತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಗಂಡಸರಿಗೆ 2.5, ಹೆಂಗಸರಿಗೆ 2 ಲೀಟರ್ ಎಂದಿತು. ಒಂದೇ ಜಾತಿಯ ಪ್ರಾಣಿಗೆ ಇಷ್ಟು ವ್ಯತ್ಯಾಸವೇ ಅಂತ ಅನ್ನಿಸುತ್ತೆ, ಅಲ್ವಾ? ಗುಟ್ಟು ಇಲ್ಲಿದೆ. ಅಮೆರಿಕದವರು ತಮ್ಮ ದೇಶದ ದೊಡ್ಡ ಸಮೀಕ್ಷೆಯೊಂದನ್ನು ತೆಗೆದು ನೋಡಿದರು. ಜನ ದಿನಕ್ಕೆ ಎಷ್ಟು ನೀರು ಒಳಗೆ ತಗೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಾಕಿ, ಸಾಲಿನ ಮಧ್ಯದ ಸಂಖ್ಯೆಯನ್ನು ಆರಿಸಿದರು. ಅಂದರೆ ಅರ್ಧ ಜನ ಅದಕ್ಕಿಂತ ಕಡಿಮೆ ಕುಡಿದೂ ಚೆನ್ನಾಗಿಯೇ ಇದ್ದರು! ಜನ ಏನು ಮಾಡುತ್ತಿದ್ದಾರೆ ಅನ್ನುವುದರ ವರದಿ ಅದು. ಆ್ಯಪ್‌ಗಳು ಅದನ್ನು ಗುರಿ ಅಂತ ಮಾಡಿಕೊಂಡಿವೆ.

ಇನ್ನೊಂದು ವಿಷಯ. ಈ ಎಲ್ಲ ಸಂಖ್ಯೆಗಳಲ್ಲೂ ಊಟ, ತಿಂಡಿ, ಹಣ್ಣು, ಕಾಫಿ ಎಲ್ಲದರ ನೀರೂ ಸೇರಿದೆ. ಆಹಾರದಿಂದ ಬರುವ ಪಾಲು ಸಾಮಾನ್ಯವಾಗಿ ಶೇ 20ರಿಂದ 30. ಸೌತೆಕಾಯಿಯಲ್ಲಿ ಶೇ 95ರಷ್ಟು ನೀರೇ. ಕಲ್ಲಂಗಡಿಯಲ್ಲಿ ಶೇ 90ಕ್ಕಿಂತ ಜಾಸ್ತಿ. ಒಣಕಲು ಅನ್ನಿಸುವ ಬ್ರೆಡ್ಡಿನಲ್ಲೂ ಮೂರನೇ ಒಂದು ಭಾಗದಷ್ಟು ನೀರಿರುತ್ತದೆ. ಯುರೋಪಿನ 2 ಲೀಟರಿನಲ್ಲಿ ಆಹಾರದ ಪಾಲು ಕಳೆದರೆ ಕುಡಿಯಲು ಉಳಿಯುವುದು ಸುಮಾರು ಒಂದೂವರೆ ಲೀಟರ್. ಅಮೆರಿಕದ 2.7ರಲ್ಲಿ ಕಳೆದರೆ 2.2 ಲೀಟರ್ ಆಸುಪಾಸು. ದಿನಕ್ಕೆ 150 ಮಿಲಿಲೀಟರಿನ ಮೂರು ಕಪ್ ಕಾಫಿ ಕುಡಿಯುವವರಾದರೆ ಅದರಲ್ಲಿ ಇನ್ನೂ 450 ಮಿಲಿಲೀಟರ್ ಕಳೆಯಿರಿ. ಕಾಫಿ ಕುಡಿದರೆ ನೀರೆಲ್ಲ ಹೊರಗೆ ಹೋಗುತ್ತೆ ಅನ್ನೋದು ಸುಮ್ನೆ ಹಬ್ಬಿದ ಮಾತು. ದಿನವೂ ಕುಡಿಯುವವರಲ್ಲಿ ಮಿತವಾದ ಕಾಫಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ.

ಇನ್ನು ತೂಕದ ಸೂತ್ರ. ಕೆ.ಜಿ.ಗೆ 30ರಿಂದ 35 ಮಿಲಿಲೀಟರ್ ಅಂತ ಆಸ್ಪತ್ರೆಗಳಲ್ಲೂ ಅಂದಾಜು ಹಾಕುತ್ತಾರೆ. ನಿಮ್ಮ 62 ಕೆ.ಜಿ.ಗೆ 1.9ರಿಂದ 2.2 ಲೀಟರ್ ಬರುತ್ತದೆ. ಎರಡು ಲೀಟರ್ ಹೇಳಿದ ಆ್ಯಪ್ ಬಹುಶಃ ಇದನ್ನೇ ಬಳಸಿದೆ. ಅಂದಾಜಿಗೆ ಅಡ್ಡಿಯಿಲ್ಲ. ಆದರೆ ತೂಕ ತುಂಬ ಜಾಸ್ತಿ ಇರುವವರಿಗೆ ಈ ಸೂತ್ರ ತಪ್ಪುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರಿದ್ದರೆ ಕೊಬ್ಬಿನಲ್ಲಿ ಇರುವುದು ತೀರಾ ಕಡಿಮೆ. ಮೈಯಲ್ಲಿ ಕೊಬ್ಬು ಹೆಚ್ಚಾದ ಮಾತ್ರಕ್ಕೆ ಅದೇ ಪ್ರಮಾಣದಲ್ಲಿ ನೀರೂ ಹೆಚ್ಚು ಬೇಕಾಗುವುದಿಲ್ಲ.

ಸರಿ, ಮೈಯ ಒಳಗೆ ಏನು ನಡೆಯುತ್ತದೆ? ಅದೊಂದು ಜಮಾಖರ್ಚಿನ ಪುಸ್ತಕ. ಉಸಿರು ಮತ್ತು ಚರ್ಮದಿಂದ, ನಮಗೆ ಗೊತ್ತೇ ಆಗದಂತೆ, ದಿನಕ್ಕೆ ಸುಮಾರು 800 ಮಿಲಿಲೀಟರ್ ಹೋಗುತ್ತದೆ. ಮಲದಲ್ಲಿ 100ರಿಂದ 200. ಉಳಿದದ್ದು ಮೂತ್ರ, ಸಾಮಾನ್ಯವಾಗಿ ಒಂದೂವರೆ ಲೀಟರ್ ಸುತ್ತಮುತ್ತ. ಜಮೆಯ ಕಡೆ ಕುಡಿದದ್ದು, ತಿಂದದ್ದು, ಜೊತೆಗೆ ಆಹಾರ ಮೈಯಲ್ಲಿ ಉರಿಯುವಾಗ ಹುಟ್ಟುವ 250ರಿಂದ 350 ಮಿಲಿಲೀಟರ್ ನೀರು. ಇದರಲ್ಲಿ ಹೆಚ್ಚುಕಡಿಮೆ ಆದದ್ದನ್ನು ಸರಿದೂಗಿಸುವುದು ಕಿಡ್ನಿ. ನೀರು ಕಡಿಮೆಯಾದರೆ ದಿನದ ಕಸವನ್ನೆಲ್ಲ ಅರ್ಧ ಲೀಟರ್ ಗಾಢ ಮೂತ್ರದಲ್ಲೇ ಕಳಿಸಬಲ್ಲದು. ಜಾಸ್ತಿಯಾದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್‌ವರೆಗೆ ತೆಳುವಾಗಿ ಹೊರಹಾಕಬಲ್ಲದು. ಇಷ್ಟು ಅಗಲದ ಅಂಗಳ ಇರುವುದರಿಂದಲೇ ಒಂದು ದಿನ ಒಂದು ಲೋಟ ಹೆಚ್ಚೋ ಕಡಿಮೆಯೋ ಆದರೆ ಏನೂ ಆಗುವುದಿಲ್ಲ.

'ಬಾಯಾರಿಕೆ ಆಗುವಷ್ಟರಲ್ಲಿ ತಡವಾಗಿರುತ್ತೆ' ಅಂತ ಹೆದರಿಸುವವರಿದ್ದಾರೆ. ನನಗೆ ಈ ಮಾತು ಕೇಳಿದರೆ ಸ್ವಲ್ಪ ಕಿರಿಕಿರಿಯೇ. ರಕ್ತದ ಗಾಢತೆ ಶೇ 1ರಿಂದ 2ರಷ್ಟು ಏರಿದರೆ ಸಾಕು, ಮೆದುಳಿನ ಹೈಪೊಥಲಾಮಸ್ ಬಾಯಾರಿಕೆ ಹುಟ್ಟಿಸುತ್ತದೆ. ಅದಕ್ಕೂ ಮುಂಚೆಯೇ ವಾಸೋಪ್ರೆಸಿನ್ ಎಂಬ ಹಾರ್ಮೋನ್ ಕಿಡ್ನಿಗೆ 'ನೀರು ಉಳಿಸು' ಅಂತ ಹೇಳಿರುತ್ತದೆ. ಅಂದರೆ ಕೊರತೆ ಇನ್ನೂ ಸಣ್ಣದಿರುವಾಗಲೇ ಎಚ್ಚರಿಕೆ ಬರುತ್ತದೆ. ಆರೋಗ್ಯವಂತ ವಯಸ್ಕರಿಗೆ ಇದಕ್ಕಿಂತ ಒಳ್ಳೆಯ ಮೀಟರ್ ಯಾವ ಫೋನಿನಲ್ಲೂ ಇಲ್ಲ.

ಆದರೂ ಸಂಖ್ಯೆ ಬೇಕು ಅನ್ನುತ್ತೀರಾದರೆ ನಿಮ್ಮದೇ ಲೆಕ್ಕ ಹಾಕಿಕೊಳ್ಳಿ. ಮೊದಲು ನೀವು ದಿನವೂ ಬಳಸುವ ಲೋಟವನ್ನು ಅಳೆಯಿರಿ. ಅಳತೆಯ ಜಾರ್ ಇಲ್ಲದಿದ್ದರೆ ಒಂದು ಲೀಟರ್ ಬಾಟಲಿ ತುಂಬಿಸಿ, ಎಷ್ಟು ಲೋಟಕ್ಕೆ ಖಾಲಿಯಾಗುತ್ತದೆ ನೋಡಿ. ಕೆಲವರ ಲೋಟ 150 ಮಿಲಿಲೀಟರ್, ಕೆಲವರದು 350. ಇಬ್ಬರೂ 'ಎಂಟು ಲೋಟ ಕುಡಿದೆ' ಅಂದರೆ ಒಬ್ಬರು 1.2 ಲೀಟರ್, ಇನ್ನೊಬ್ಬರು 2.8 ಲೀಟರ್ ಕುಡಿದಿರುತ್ತಾರೆ. ಆಮೇಲೆ ಎರಡು ಮೂರು ದಿನ ಆ್ಯಪ್ ಮುಚ್ಚಿಟ್ಟು, ಬಾಯಾರಿದಾಗ ಮತ್ತು ಊಟದ ಜೊತೆ ಮಾತ್ರ ಕುಡಿಯಿರಿ. ಕುಡಿದದ್ದನ್ನೆಲ್ಲ ಬರೆದಿಡಿ. ಹಗಲಲ್ಲಿ ಮೂತ್ರದ ಬಣ್ಣ ತಿಳಿ ಹಳದಿ ಇದ್ದು, ಮೂರು ನಾಲ್ಕು ಗಂಟೆಗೊಮ್ಮೆ ಹೋಗುತ್ತಿದ್ದರೆ ಆ ಸಂಖ್ಯೆಯೇ ನಿಮ್ಮ ಸಂಖ್ಯೆ. ಗಾಢ ಹಳದಿಯಾಗಿ, ಅಪರೂಪಕ್ಕೆ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ಒಂದೆರಡು ಲೋಟ ಸೇರಿಸಿ. ನೀರಿನಂತೆ ಬಣ್ಣವೇ ಇಲ್ಲದಿದ್ದರೆ ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತಿದ್ದೀರಿ. ಬೆಳಗಿನ ಮೊದಲ ಮೂತ್ರ ಎಲ್ಲರದ್ದೂ ಗಾಢವೇ, ಅದನ್ನು ನೋಡಿ ಗಾಬರಿ ಬೀಳಬೇಡಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡಿದ್ದರೂ ಕಣ್ಣಿಗೆ ಹೊಡೆಯುವಂಥ ಹಳದಿ ಬರುತ್ತದೆ. ಅದು ಮಾತ್ರೆಯಲ್ಲಿರುವ ರೈಬೊಫ್ಲೇವಿನ್‌ನ ಬಣ್ಣ.

ಓಟದ ದಿನಕ್ಕೆ ತೂಕದ ಯಂತ್ರ ಬೇಕು. ಓಡುವ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ ಬಂದ ಮೇಲೆ ಬೆವರು ಒರೆಸಿ, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. 62 ಕೆ.ಜಿ. ಇದ್ದದ್ದು 61.4 ಆಯಿತು, ನಡುವೆ 200 ಮಿಲಿಲೀಟರ್ ಕುಡಿದಿದ್ದಿರಿ ಅಂದುಕೊಳ್ಳಿ. 600 ಗ್ರಾಂ ಇಳಿಕೆಗೆ ಆ 200 ಸೇರಿಸಿದರೆ ನಿಮ್ಮ ಬೆವರು ಗಂಟೆಗೆ ಸುಮಾರು 800 ಮಿಲಿಲೀಟರ್. ಅವತ್ತು ನೀವು ಜಾಸ್ತಿ ಕುಡಿಯಬೇಕಾದದ್ದು ಇಷ್ಟೇ. ಓಡುತ್ತಲೇ ಅಷ್ಟನ್ನೂ ತುಂಬಿಕೊಳ್ಳಬೇಕಾಗಿಲ್ಲ, ಮುಂದಿನ ಕೆಲವು ಗಂಟೆಗಳಲ್ಲಿ ಕುಡಿದರಾಯಿತು. ಸೆಕೆ ಇರುವ ದಿನ ಮತ್ತು ತಂಪಿನ ದಿನ, ಎರಡರಲ್ಲೂ ಅಳೆದು ನೋಡಿ. ಒಬ್ಬರಲ್ಲೇ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನಿಮಗೇ ಆಶ್ಚರ್ಯವಾಗಬಹುದು. ವ್ಯಾಯಾಮದಲ್ಲಿ ಬೆವರು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರ್‌ವರೆಗೂ ಹೋಗಬಹುದು.

ಓಡಿ ಬಂದ ಮೇಲೆ ತೂಕ ಇಳಿಯುವ ಬದಲು ಏರಿದ್ದರೆ? ಅದು ಅಪಾಯದ ಗುರುತು. ಕಿಡ್ನಿ ಹೊರಹಾಕುವುದಕ್ಕಿಂತ ವೇಗವಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಅದಕ್ಕೆ ಹೈಪೊನಟ್ರೀಮಿಯಾ ಅನ್ನುತ್ತಾರೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗಿ, ತೀವ್ರವಾದರೆ ಮೆದುಳು ಊದಿಕೊಂಡು ಜೀವವೇ ಹೋಗಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುವಾಗ ತೂಕ ಏರಿದವರೇ ಇದರಲ್ಲಿ ಹೆಚ್ಚು ಸಿಕ್ಕಿಬಿದ್ದಿದ್ದರು.

ರಾತ್ರಿ ಏಳುವ ವಿಷಯಕ್ಕೆ ಮದ್ದು ಸರಳ. ದಿನದ ನೀರಿನ ಹೆಚ್ಚಿನ ಪಾಲನ್ನು ಸಂಜೆಯೊಳಗೆ ಮುಗಿಸಿ, ಮಲಗುವ ಮುಂಚಿನ ಎರಡು ಗಂಟೆ ಬಾಯಾರಿದಷ್ಟು ಮಾತ್ರ ಕುಡಿಯಿರಿ. ಕುಡಿಯೋದು ಕಡಿಮೆ ಮಾಡಿದ ಮೇಲೂ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಬಾಯಾರಿಕೆಯನ್ನೇ ನಂಬಿ ಅಂದೆ. ಅದು ಎಲ್ಲರಿಗೂ ಹೊಂದುವುದಿಲ್ಲ. ವಯಸ್ಸಾದವರಲ್ಲಿ ಬಾಯಾರಿಕೆಯೇ ಮಂಕಾಗುತ್ತದೆ. ಅವರು ಊಟಕ್ಕೊಂದು, ಮಾತ್ರೆಗೊಂದು ಲೋಟ ಅಂತ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಗರ್ಭಿಣಿಯರಿಗೆ ದಿನಕ್ಕೆ ಸುಮಾರು 300 ಮಿಲಿಲೀಟರ್, ಹಾಲೂಡಿಸುವ ತಾಯಂದಿರಿಗೆ 700 ಮಿಲಿಲೀಟರ್‌ವರೆಗೆ ಹೆಚ್ಚು ಬೇಕು. ಆರು ತಿಂಗಳೊಳಗಿನ ಮಗುವಿಗೆ ತಾಯಿ ಹಾಲೇ ಸಾಕು, ನೀರು ಕೊಡಬೇಡಿ. ವಾಂತಿ, ಭೇದಿ, ಜ್ವರ ಇದ್ದಾಗ ಯಾರಿಗಾದರೂ ಜಾಸ್ತಿ ಬೇಕು. ಭೇದಿಯಲ್ಲಿ ಬರೀ ನೀರು ಸಾಲದು, ಓಆರ್‌ಎಸ್ ಕೊಡಬೇಕು.

ನಿಜಕ್ಕೂ ಹಟ ಹಿಡಿದು ಕುಡಿಯಬೇಕಾದವರು ಕಿಡ್ನಿಯಲ್ಲಿ ಒಮ್ಮೆ ಕಲ್ಲು ಆದವರು. ಅವರ ಗುರಿ ಕುಡಿಯುವ ಅಳತೆಯ ಮೇಲಿಲ್ಲ, ಹೊರಬರುವ ಅಳತೆಯ ಮೇಲಿದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಬೇಕು ಅನ್ನುತ್ತಾರೆ ವೈದ್ಯರು. 1996ರಲ್ಲಿ ಪ್ರಕಟವಾದ ಇಟಲಿಯ ಐದು ವರ್ಷದ ಅಧ್ಯಯನದಲ್ಲಿ ಹೆಚ್ಚು ನೀರು ಕುಡಿದವರಲ್ಲಿ ಶೇ 12 ಜನರಿಗೆ ಮಾತ್ರ ಮತ್ತೆ ಕಲ್ಲು ಬಂತು. ಉಳಿದವರಲ್ಲಿ ಶೇ 27 ಜನರಿಗೆ ಬಂತು.

ಹೃದಯ ದುರ್ಬಲಗೊಂಡವರು, ಕಿಡ್ನಿ ಕೈಕೊಟ್ಟವರು ಇದಕ್ಕೆ ಪೂರ್ತಿ ವಿರುದ್ಧ. ವೈದ್ಯರು ಇವರಲ್ಲಿ ಕೆಲವರಿಗೆ ಇಷ್ಟೇ ಕುಡಿಯಬೇಕು ಅಂತ ಮಿತಿ ಹಾಕಿರುತ್ತಾರೆ. ಆ ಮಿತಿಯಲ್ಲಿ ಸೂಪು, ಕಾಫಿ, ಐಸ್‌ಕ್ರೀಮ್, ಬಾಯಲ್ಲಿ ಚೀಪುವ ಐಸ್ ತುಂಡು ಕೂಡ ಸೇರುತ್ತದೆ. ಇವರು ಆ್ಯಪ್ ಮಾತು ಕೇಳಲೇಬಾರದು, ಈ ಲೇಖನದ ಲೆಕ್ಕವನ್ನೂ ಅನುಸರಿಸಬಾರದು. ಹೃದಯದ ತೊಂದರೆ ಇರುವವರು ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು ದಿನವೂ ತೂಕ ನೋಡಿ ಬರೆದಿಡಲಿ. ಮೂರು ದಿನದಲ್ಲಿ 2 ಕೆ.ಜಿ.ಗಿಂತ ಜಾಸ್ತಿ ಏರಿದರೆ ಅದು ಕೊಬ್ಬಾಗಿರುವುದಿಲ್ಲ, ಮೈಯಲ್ಲಿ ನಿಂತ ನೀರು. ಅವತ್ತೇ ವೈದ್ಯರಿಗೆ ಫೋನ್ ಮಾಡಿ.