ಕಿಸೆಯಲ್ಲಿರುವ ಕಾರ್ ಕೀ ಸುಮ್ನೆ ಕೂತಿರುವುದಿಲ್ಲ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಸಾಯಂಕಾಲ ಸ್ವಲ್ಪ ಹೊತ್ತು ನಿಂತು ನೋಡಿ. ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಕಾರಿನ ಹತ್ತಿರ ಬರುತ್ತಾರೆ, ಹಿಡಿಕೆಯ ಮೇಲಿನ ಚಿಕ್ಕ ಗುಂಡಿಯನ್ನು ಒಂದು ಬೆರಳಿನಿಂದ ಒತ್ತುತ್ತಾರೆ, ಬಾಗಿಲು ತೆರೆಯುತ್ತದೆ. ಕೀ ಕಿಸೆಯಿಂದ ಹೊರಗೇ ಬಂದಿರುವುದಿಲ್ಲ. ಇದು ಎಷ್ಟು ರೂಢಿಯಾಗಿಬಿಟ್ಟಿದೆ ಅಂದರೆ, ಆ ಅರೆಕ್ಷಣದಲ್ಲಿ ಏನೇನು ನಡೆಯಿತು ಅಂತ ಯಾರೂ ಯೋಚಿಸುವುದಿಲ್ಲ. ನನಗೆ ಅದು ಬಹಳ ಇಷ್ಟದ ವಿಷಯ. ಯಾಕೆಂದರೆ ಕೀಯನ್ನು ನಾವು ಎಲ್ಲಿ, ಯಾವುದರ ಜೊತೆ ಇಟ್ಟುಕೊಂಡಿದ್ದೇವೆ ಅನ್ನುವುದರ ಮೇಲೂ ಆ ಕೆಲಸ ನಿಂತಿದೆ.

ಗುಂಡಿ ಒತ್ತಿದ ಕೂಡಲೇ ಕಾರಿನ ಆಂಟೆನಾ ಒಂದು ಸಂಕೇತ ಕಳಿಸುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನದು, ಒಂದೆರಡು ಮೀಟರ್ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಅದಕ್ಕೇ ಕಾರಿನ ಪಕ್ಕಕ್ಕೆ ಬಂದಾಗ ಮಾತ್ರ ಕೀಗೆ ಅದು ಕೇಳಿಸುತ್ತದೆ. ಆ ಸಂಕೇತದಲ್ಲಿ ಪ್ರತಿ ಸಲವೂ ಹೊಸದಾದ ಒಂದು ಸಂಖ್ಯೆ ಇರುತ್ತದೆ. ಕೀ ತನ್ನೊಳಗಿನ ಗುಟ್ಟಿನ ಸಂಖ್ಯೆಯನ್ನು ಅದಕ್ಕೆ ಸೇರಿಸಿ ಲೆಕ್ಕ ಮಾಡಿ, ಬಂದ ಉತ್ತರವನ್ನು ಬೇರೊಂದು ತರಂಗದಲ್ಲಿ ವಾಪಸ್ ಕಳಿಸುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಅದು 433.92 ಮೆಗಾಹರ್ಟ್ಸ್. ಉತ್ತರ ತಾಳೆಯಾದರೆ ಬಾಗಿಲು ತೆರೆಯಿತು. ನಿನ್ನೆಯ ಉತ್ತರವನ್ನು ಯಾರಾದರೂ ಕದ್ದು ಕೇಳಿಟ್ಟುಕೊಂಡಿದ್ದರೂ ಇವತ್ತು ಅದಕ್ಕೆ ಕಿಮ್ಮತ್ತಿಲ್ಲ.

ಈಗ ಕೀಯನ್ನೇ ಬಿಚ್ಚಿ ನೋಡೋಣ. ಅಂಚಿನ ಸೀಳಿಗೆ ಒಂದು ನಾಣ್ಯ ಹಾಕಿ ತಿರುವಿದರೆ ಬಹಳಷ್ಟು ಕೀಗಳು ಎರಡು ಹೋಳಾಗುತ್ತವೆ. ಒಳಗೆ ಒಂದು ಗುಂಡನೆಯ ಸೆಲ್, ಉಗುರಿನಷ್ಟಗಲದ ಹಸಿರು ಸರ್ಕ್ಯೂಟು, ಅದರ ಮೂಲೆಯಲ್ಲಿ ಒಂದು ಪುಟ್ಟ ಕಪ್ಪು ಚೌಕ. ಆ ಚೌಕದೊಳಗೆ ಕೂದಲಿನಂಥ ತಾಮ್ರದ ತಂತಿಯನ್ನು ಮೂರು ದಿಕ್ಕಿಗೆ ಸುತ್ತಿರುತ್ತಾರೆ: ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು. ಒಂದೇ ಸುರುಳಿ ಇದ್ದಿದ್ದರೆ, ಕೀ ಯಾವುದೋ ಒಂದು ಭಂಗಿಯಲ್ಲಿ ಮಲಗಿದಾಗ ಕಾರಿನ ಸಂಕೇತ ಅದಕ್ಕೆ ತಾಗುತ್ತಲೇ ಇರಲಿಲ್ಲ. ಮೂರಿದ್ದಾಗ ಅಡ್ಡ ಬೀಳಲಿ, ಉದ್ದ ನಿಲ್ಲಲಿ, ತಲೆಕೆಳಗಾಗಲಿ, ಯಾವುದಾದರೂ ಒಂದು ಸುರುಳಿಗೆ ಕೇಳಿಸಿಯೇ ಕೇಳಿಸುತ್ತದೆ. ಜನ ಕೀಯನ್ನು ಹೇಗೆಂದರೆ ಹಾಗೆ ಕಿಸೆಗೆ ತುರುಕುತ್ತಾರೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಕೆಲಸ ಇದು. ಇಂಥದ್ದನ್ನು ನೋಡಿದಾಗ ಎಂಜಿನಿಯರುಗಳ ಮೇಲೆ ಪ್ರೀತಿ ಬರುತ್ತದೆ.

ಆದರೆ ಕಿಸೆಯಲ್ಲಿ ಕೀ ಒಂದೇ ಇರುವುದಿಲ್ಲವಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಆ ಜೀನ್ಸಿನ ಬಿಗಿ ಕಿಸೆಯಲ್ಲಿ ಚಿಲ್ಲರೆ, ಮನೆ ಬೀಗದ ಕೈ, ಮೊಬೈಲು ಎಲ್ಲ ಒತ್ತಿಕೊಂಡು ಕೂತಿರುತ್ತವೆ. ಲೋಹದ ತುಂಡು ಪಕ್ಕದಲ್ಲಿದ್ದರೆ ಸಂಕೇತದ ಕಾಂತಕ್ಷೇತ್ರ ಅದರೊಳಗೆ ಸಣ್ಣ ಸುಳಿ ವಿದ್ಯುತ್ ಹುಟ್ಟಿಸುತ್ತದೆ, ಅಷ್ಟು ಶಕ್ತಿ ಕೀಗೆ ಸಿಗದೆ ಹೋಗುತ್ತದೆ. ಮೊಬೈಲು ತನ್ನದೇ ಗದ್ದಲ ಸೇರಿಸುತ್ತದೆ. ಕಾರಿನ ಪಕ್ಕದಲ್ಲೇ ನಿಂತಿದ್ದರೂ ‘ಕೀ ಕಾಣುತ್ತಿಲ್ಲ’ ಅಂತ ಕಾರು ಹಟ ಮಾಡಿದರೆ, ಮೆಕ್ಯಾನಿಕ್ ಹತ್ತಿರ ಓಡುವ ಮೊದಲು ಕೀಯನ್ನು ಇನ್ನೊಂದು ಕಿಸೆಗೆ ಹಾಕಿ ನೋಡಿ. ಮೊಬೈಲ್ ಒಂದು ಕಡೆ, ಕೀ ಒಂದು ಕಡೆ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ತಿರುವುವ ಕೀ ಇರುವ ಕಾರಿನವರಿಗೆ ಬೇರೆಯದೇ ಒಂದು ಮಾತು. ನಮ್ಮ ಕಡೆ ಹಿರಿಯರು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು, ಈಗ ಆ ಜಾಗಕ್ಕೆ ಕೀ ಚೈನ್ ಬಂದಿದೆ. ಅದರಲ್ಲಿ ಗೋಡೌನ್ ಕೀ, ಬೀರು ಕೀ, ದೇವರ ಬಿಲ್ಲೆ, ಉಗುರು ಕಟರ್ ಎಲ್ಲ ಜೋತಾಡುತ್ತಿರುತ್ತದೆ. ಈ ಭಾರ ಎಷ್ಟು ದೊಡ್ಡ ವಿಷಯ ಆಗಬಹುದು ಅಂತ ಅಮೆರಿಕದಲ್ಲಿ ಗೊತ್ತಾಯಿತು. ಜನರಲ್ ಮೋಟಾರ್ಸ್ ಕಂಪನಿ 2014ರ ಮೊದಲ ತಿಂಗಳುಗಳಲ್ಲಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಇಗ್ನಿಶನ್ ಸ್ವಿಚ್ಚನ್ನು ಜಾಗದಲ್ಲಿ ಹಿಡಿದಿಡುವ ಪುಟ್ಟ ಸ್ಪ್ರಿಂಗಿನ ಬಿಗಿ ಸಾಲದಾಗಿತ್ತು. ಭಾರದ ಗೊಂಚಲು ಜಗ್ಗಿದರೆ, ಇಲ್ಲವೇ ಗಾಡಿ ಕುಲುಕಿದರೆ, ಓಡುತ್ತಿರುವಾಗಲೇ ಸ್ವಿಚ್ಚು ಹಿಂದಕ್ಕೆ ಜಾರಿ ಎಂಜಿನ್ ನಿಂತುಬಿಡುತ್ತಿತ್ತು, ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಆ ದೋಷಕ್ಕೆ 124 ಜನ ಬಲಿಯಾದರು ಅಂತ ಕಂಪನಿಯ ಪರಿಹಾರ ನಿಧಿಯವರು ಒಪ್ಪಿಕೊಂಡರು. ಸ್ವಿಚ್ ಬದಲಾಗುವವರೆಗೆ ಬರೀ ಕಾರಿನ ಕೀ ಒಂದನ್ನೇ ಬಳಸಿ ಅಂತ ಕಂಪನಿ ಹೇಳಿತು. ತಪ್ಪು ಸ್ವಿಚ್ಚಿನದೇ, ನಿಜ. ಆದರೂ ನಮ್ಮ ರಸ್ತೆಗಳ ಕುಲುಕಾಟ ನೆನೆಸಿಕೊಂಡರೆ, ಕಾರಿನ ಕೀಯನ್ನು ಗೊಂಚಲಿನಿಂದ ಬೇರೆ ಮಾಡುವುದೇ ವಾಸಿ ಅಂತ ನನಗೆ ಖಂಡಿತ ಅನಿಸುತ್ತದೆ.

ಇನ್ನು ಬಿಸಿಲು. ಕೀಲೆಸ್, ಅಂದರೆ ಕಿಸೆಯಲ್ಲಿದ್ದೇ ಕೆಲಸ ಮಾಡುವ ಕೀಗಳಲ್ಲಿ ಹೆಚ್ಚಾಗಿ ಇರುವುದು ಸಿಆರ್ 2032 ಸೆಲ್. ಅದರ ಹೆಸರಿನಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಲಿಥಿಯಂ ಸೆಲ್, 3 ವೋಲ್ಟ್. ಸಾಮಾನ್ಯವಾಗಿ ಇದನ್ನು ಸುಮಾರು 60 ಡಿಗ್ರಿವರೆಗಿನ ಬಿಸಿಗೆ ಅಂತ ಮಾಡಿರುತ್ತಾರೆ. ರಾಯಚೂರಿನ ಏಪ್ರಿಲ್-ಮೇ ಗೊತ್ತಲ್ಲ, ಹೊರಗೇ 40 ದಾಟಿರುತ್ತದೆ. ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಮುಟ್ಟುವುದು ಕಷ್ಟವೇನಲ್ಲ. ಅಲ್ಲಿ ಬಿಟ್ಟ ಕೀಯ ಸೆಲ್ ಒಳಗೇ ಬೇಗ ಸವೆಯುತ್ತದೆ, ಅಂಚಿನ ಪ್ಲಾಸ್ಟಿಕ್ ಪಟ್ಟಿ ಸಡಿಲಾದರೆ ಒಳಗಿನ ದ್ರವ ಆವಿಯಾಗುತ್ತದೆ. ಮೈಗೆ ಅಂಟಿದ ಕಿಸೆಯಲ್ಲಿ ಬಿಸಿ ಇದಕ್ಕಿಂತ ಎಷ್ಟೋ ಕಡಿಮೆ, ಆದರೆ ಬೆವರಿದೆ. ಬೆವರಿನ ಉಪ್ಪು ಸೀಳಿನಲ್ಲಿ ಇಳಿದು ಸರ್ಕ್ಯೂಟಿಗೆ ತುಕ್ಕು ತರುತ್ತದೆ. ಸಂಡೂರಿನ ಕಡೆ ಓಡಾಡುವವರಿಗೆ ಅದಿರಿನ ಕೆಂಪು ಧೂಳೂ ಜೊತೆಗೆ. ಹಾಗಾಗಿ ಕೀಗೊಂದು ಸಿಲಿಕೋನ್ ಕವರ್ ಹಾಕುವುದು ಬರೀ ಶೋಕಿ ಅಲ್ಲ.

ರಾತ್ರಿ ಎಲ್ಲಿಡುತ್ತೀರಿ? ಬಹಳ ಮನೆಗಳಲ್ಲಿ ಬಾಗಿಲ ಪಕ್ಕದ ಮೊಳೆಗೆ, ಗೋಡೆಯ ಆಚೆಯೇ ಕಾರು. ನನಗೆ ಸಮಾಧಾನ ಇಲ್ಲದಿರುವುದು ಇಲ್ಲೇ. 2011ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 8 ಕಂಪನಿಗಳ 10 ಮಾದರಿ ಕಾರುಗಳನ್ನು ಪರೀಕ್ಷೆ ಮಾಡಿದರು. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಕೀಯ ಹತ್ತಿರ ಉಪಕರಣ ಹಿಡಿದು ನಿಂತು ಇಬ್ಬರೂ ಸಂಕೇತವನ್ನು ಅಲ್ಲಿಂದಿಲ್ಲಿಗೆ ದಾಟಿಸಿದರೆ, ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬಿಬಿಡುತ್ತದೆ. ಅಷ್ಟೂ ಕಾರುಗಳು ಹೀಗೆ ಮೋಸಹೋದವು. ಗುಟ್ಟಿನ ಸಂಖ್ಯೆಯನ್ನು ಒಡೆಯಬೇಕಾಗಿಯೇ ಇಲ್ಲ ನೋಡಿ, ಬರೀ ದಾಟಿಸಿದರೆ ಸಾಕು. ಹೊಸ ಕೀಗಳು ಕೆಲವು ಅಲುಗಾಡದೆ ಬಿದ್ದಿದ್ದರೆ ತಾವೇ ನಿದ್ದೆಗೆ ಜಾರುತ್ತವೆ. ಇನ್ನು ಕೆಲವು ಸಂಕೇತ ಹೋಗಿಬರುವ ಸಮಯವನ್ನೇ ಅಳೆಯುತ್ತವೆ. ರೇಡಿಯೋ ತರಂಗ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತದೆ, ದೂರ ಹೆಚ್ಚಿದಷ್ಟೂ ಸಮಯ ಹೆಚ್ಚು, ಆದ್ದರಿಂದ ಸುಳ್ಳು ದೂರ ಹೇಳುವುದು ಬಹಳ ಕಷ್ಟ.

ನಿಮ್ಮದು ಅಂಥ ಕೀ ಅಲ್ಲದಿದ್ದರೆ ಒಳಕೋಣೆಯಲ್ಲಿಡಿ, ಮುಚ್ಚಳ ಬಿಗಿಯಾದ ತಗಡಿನ ಬಿಸ್ಕತ್ ಡಬ್ಬಿಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ್ದು ಇದನ್ನೇ: ಸುತ್ತಲೂ ಲೋಹವಿದ್ದರೆ ಹೊರಗಿನ ವಿದ್ಯುತ್ ಕ್ಷೇತ್ರ ಒಳಗೆ ತಟ್ಟುವುದಿಲ್ಲ. ಎಲ್ಲ ಡಬ್ಬಿಯೂ ಆಗುವುದಿಲ್ಲ, ಮುಚ್ಚಳದ ಸಂದಿಯಲ್ಲಿ ಸಂಕೇತ ನುಸುಳಬಹುದು. ಕೀ ಹಾಕಿದ ಡಬ್ಬಿಯನ್ನು ಹಿಡಿದುಕೊಂಡೇ ಕಾರಿನ ಹತ್ತಿರ ಹೋಗಿ ಗುಂಡಿ ಒತ್ತಿ ನೋಡಿ. ಬಾಗಿಲು ತೆರೆದರೆ ಆ ಡಬ್ಬಿಗೆ ಬಿಸ್ಕತ್ತೇ ಇರಲಿ.

ಸಿಂಧನೂರು-ಮಸ್ಕಿ ದಾರಿಯಲ್ಲಿ ರಾತ್ರಿ ಸೆಲ್ ಸತ್ತೇಹೋಯಿತು ಅಂತಿಟ್ಟುಕೊಳ್ಳಿ. ಗಾಬರಿ ಬೇಡ. ಕೀಯ ಪಕ್ಕದ ಚಿಕ್ಕ ಕೊಕ್ಕೆ ಜಾರಿಸಿದರೆ ಒಳಗಿಂದ ಲೋಹದ ಕೀ ಬರುತ್ತದೆ, ಅದರಲ್ಲಿ ಬಾಗಿಲು ತೆಗೆಯಿರಿ. ಕೆಲವು ಕಾರುಗಳಲ್ಲಿ ಬೀಗದ ತೂತು ಹಿಡಿಕೆಯ ಮುಚ್ಚಳದಡಿ ಅಡಗಿರುತ್ತದೆ. ಒಳಗೆ ಕೂತ ಮೇಲೆ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿ. ಸೆಲ್ ಬೇಡದ ಇನ್ನೊಂದು ಚಿಪ್ ಕೀಯಲ್ಲಿದೆ, ಅದಕ್ಕೆ ಬೇಕಾದ ಶಕ್ತಿಯನ್ನು ಕಾರಿನ ಸುರುಳಿಯೇ ಕೊಡುತ್ತದೆ, ಕೆಲವೇ ಸೆಂಟಿಮೀಟರ್ ದೂರಕ್ಕೆ. ಕೆಲವು ಮಾದರಿಗಳಲ್ಲಿ ಈ ಜಾಗ ಕಪ್ ಇಡುವಲ್ಲಿ ಅಥವಾ ಸ್ಟೀರಿಂಗ್ ಪಕ್ಕ ಇರುತ್ತದೆ, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ. ಮನೆಗೆ ಬಂದು ಸೆಲ್ ಬದಲಿಸಿದ ಮೇಲೆ ಹಳೆಯದನ್ನು ಟೇಬಲ್ ಮೇಲೆ ಬಿಡಬೇಡಿ. ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅಂಥ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.